‘ಮೀಡಿಯಂ’ ಎಂಬ ಶಬ್ದ ಮತ್ತು ನಾವು

ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ಸ್ಟಾಫ್ ರೂಮಿಗೆ ಬಂದು, ಈ ಸಂಚಿಕೆಗೆ ಒಂದು ಇಂಗ್ಲಿಷ್ ಶಬ್ದ ತೆಗೆದುಕೊಂಡು ಅದರ ಅರ್ಥ, ಬಳಕೆ ಬರೆದುಕೊಡಿ ಎಂದು ಕೇಳಿದರು. ಪರೀಕ್ಷೆಗೆ ಬರುವಂಥ, ನಾಲಿಗೆ ಹೊರಳದಂಥ ದೊಡ್ಡ ಶಬ್ದವೊಂದನ್ನು ಅವರು ನಿರೀಕ್ಷಿಸಿದ್ದರೆಂದು ಕಾಣುತ್ತದೆ. ನಾನು ಆರಿಸಿಕೊಂಡದ್ದು ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳಿಂದ ಬರುವ ನಿಮ್ಮೆಲ್ಲರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಶಬ್ದ: ‘ಮೀಡಿಯಂ’. ಗೊತ್ತಿಲ್ಲದ ಶಬ್ದವನ್ನು ನಾವು ಡಿಕ್ಷನರಿಯಲ್ಲಿ ಹುಡುಕುತ್ತೇವೆ. ಗೊತ್ತಿದೆ ಎಂದುಕೊಂಡ ಶಬ್ದವನ್ನು ಹುಡುಕುವುದೇ ಇಲ್ಲ. ತೊಂದರೆ ಕೊಡುವುದು ಹೆಚ್ಚಾಗಿ ಈ ಎರಡನೆಯ ಜಾತಿಯ ಶಬ್ದಗಳೇ.

ಮೊದಲು ಅರ್ಥ ನೋಡೋಣ. ಲ್ಯಾಟಿನ್ ಭಾಷೆಯಲ್ಲಿ ‘ಮೀಡಿಯಸ್’ ಎಂದರೆ ನಡುವಿನದು. ಅಲ್ಲಿಂದ ಇಂಗ್ಲಿಷಿಗೆ ‘ಮೀಡಿಯಂ’ ಬಂತು. ನಮ್ಮ ‘ಮಧ್ಯ’ ಎಂಬ ಸಂಸ್ಕೃತ ಮೂಲದ ಶಬ್ದಕ್ಕೂ ಅದಕ್ಕೂ ದೂರದ ರಕ್ತಸಂಬಂಧವಿದೆ. ಎರಡೂ ಒಂದೇ ಹಳೆಯ ಬೇರಿನಿಂದ ಹುಟ್ಟಿದವು. ಹಾಗಾಗಿ ಕನ್ನಡದಲ್ಲಿ ‘ಮಾಧ್ಯಮ’ ಎಂದು ಹೇಳುವಾಗ ನಾವು ಹೆಚ್ಚುಕಡಿಮೆ ಅದೇ ಮಾತನ್ನು ಹೇಳುತ್ತಿರುತ್ತೇವೆ. ಉರ್ದು ಓದಿದವರಿಗೆ ‘ಜರಿಯಾ-ಎ-ತಾಲೀಮ್’ ಎಂಬ ಮಾತು ಗೊತ್ತು. ಜರಿಯಾ ಎಂದರೆ ಸಾಧನ, ಒಂದನ್ನು ಇನ್ನೊಂದಕ್ಕೆ ಮುಟ್ಟಿಸುವ ದಾರಿ. ಮೂರು ಭಾಷೆಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಮೀಡಿಯಂ ಎಂಬುದು ಎರಡು ತುದಿಗಳ ನಡುವೆ ಇರುವ ವಸ್ತು. ಅದು ಹೊರಟ ಜಾಗವೂ ಅಲ್ಲ, ಮುಟ್ಟುವ ಜಾಗವೂ ಅಲ್ಲ.

ಬಳಕೆಗಳು ಬಹಳ. ಬಟ್ಟೆ ಅಂಗಡಿಯಲ್ಲಿ ಶರ್ಟಿನ ಅಳತೆ ಮೀಡಿಯಂ. ಕ್ರಿಕೆಟ್ಟಿನಲ್ಲಿ ಮೀಡಿಯಂ ಪೇಸ್ ಬೌಲರ್. ಹಳೆಯ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ ಹಿಡಿಯಲು ಮುಳ್ಳು ತಿರುಗಿಸುತ್ತಿದ್ದದ್ದು ಮೀಡಿಯಂ ವೇವ್ ಪಟ್ಟಿಯ ಮೇಲೆ. ಬಯಾಲಜಿ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವವೂ ಮೀಡಿಯಂ. ಸತ್ತವರ ಜೊತೆ ಮಾತಾಡಿಸುತ್ತೇನೆ ಎಂದು ದುಡ್ಡು ಕೀಳುವವನಿಗೂ ಇಂಗ್ಲಿಷಿನಲ್ಲಿ ಮೀಡಿಯಂ ಎಂದೇ ಹೆಸರು. ಬಹುವಚನದಲ್ಲಿ ಒಂದು ತಮಾಷೆ ಇದೆ. ಪತ್ರಿಕೆ, ಟಿವಿ ಮುಂತಾದವುಗಳಿಗೆ ‘ಮೀಡಿಯಾ’. ಆದರೆ ಸತ್ತವರನ್ನು ಮಾತಾಡಿಸುವವರು ಇಬ್ಬರಿದ್ದರೆ ‘ಮೀಡಿಯಮ್ಸ್’. ಟಿವಿ ಚರ್ಚೆ ನೋಡುವಾಗ ಈ ವ್ಯತ್ಯಾಸ ಅಷ್ಟು ದೊಡ್ಡದಲ್ಲ ಎಂದು ನನಗೆ ಕೆಲವೊಮ್ಮೆ ಅನಿಸುತ್ತದೆ, ಅದು ಬೇರೆ ಮಾತು.

ಫಿಜಿಕ್ಸ್‌ನವರಿಗೆ ಈ ಶಬ್ದ ಬೇಕೇ ಬೇಕು. ಶಬ್ದದ ಅಲೆ ಸಾಗಲು ಮೀಡಿಯಂ ಬೇಕು. ಮಳೆಗಾಲದಲ್ಲಿ ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಿಂತಾಗ ಘಟಪ್ರಭೆಯ ಭೋರ್ಗರೆತ ಕಿವಿಗೆ ಬಂದು ಮುಟ್ಟುವುದು ಗಾಳಿಯ ಮೂಲಕ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡಿದರೆ ನೀರಿನಲ್ಲಿ ಸುಮಾರು 1500 ಮೀಟರ್, ಉಕ್ಕಿನಲ್ಲಿ 5000 ಮೀಟರಿಗೂ ಹೆಚ್ಚು. ಮೀಡಿಯಂ ಬದಲಾದರೆ ವೇಗ ಬದಲಾಗುತ್ತದೆ. ಆದರೆ ಭೋರ್ಗರೆಯುವುದು ಜಲಪಾತ, ಗಾಳಿಯಲ್ಲ.

ಇಷ್ಟು ಪೀಠಿಕೆ ಏಕೆಂದರೆ, ನಮ್ಮ ಸೀಮೆಯಲ್ಲಿ ಈ ಶಬ್ದಕ್ಕೆ ಡಿಕ್ಷನರಿಯಲ್ಲಿ ಇಲ್ಲದ ಇನ್ನೊಂದು ಅರ್ಥ ಹುಟ್ಟಿಕೊಂಡಿದೆ. ಜೂನ್ ತಿಂಗಳಲ್ಲಿ ಪ್ರಥಮ ಪಿಯು ತರಗತಿಗೆ ಹೋಗಿ ಹೆಸರು, ಊರು ಕೇಳಿದರೆ ಮೂರನೆಯ ಉತ್ತರ ಕೇಳದೆಯೇ ಬರುತ್ತದೆ. “ನಾ ಕನ್ನಡಾ ಮೀಡಿಯಂ ರೀ ಸರ್.” ಹಿಂದಿನ ಬೆಂಚಿನಿಂದ, “ಹಮೇ ಉರ್ದು ಮೀಡಿಯಂ ವಾಲೇ, ಸರ್.” ಇಂಗ್ಲಿಷಿನಲ್ಲಿ ಹೇಳಿ ಎಂದರೆ, “ಐ ಆ್ಯಮ್ ಕನ್ನಡ ಮೀಡಿಯಂ.” ವ್ಯಾಕರಣದ ಲೆಕ್ಕದಲ್ಲಿ ಇದು ತಪ್ಪು ವಾಕ್ಯ. ಮನುಷ್ಯ ಮೀಡಿಯಂ ಆಗುವುದಿಲ್ಲ (ಮೇಲೆ ಹೇಳಿದ ಆ ದುಡ್ಡು ಕೀಳುವವನನ್ನು ಬಿಟ್ಟು). ‘ಐ ಸ್ಟಡೀಡ್ ಇನ್ ಎ ಕನ್ನಡ-ಮೀಡಿಯಂ ಸ್ಕೂಲ್’ ಎನ್ನಬಹುದು, ‘ಐ ವಾಸ್ ಟಾಟ್ ಇನ್ ಉರ್ದು’ ಎನ್ನಬಹುದು, ‘ಮೈ ಮೀಡಿಯಂ ಆಫ್ ಇನ್‌ಸ್ಟ್ರಕ್ಷನ್ ವಾಸ್ ಮರಾಠಿ’ ಎನ್ನಬಹುದು. ಮೂರರಲ್ಲೂ ಮೀಡಿಯಂ ಎಂಬುದು ಶಾಲೆಗೋ ಪಾಠಕ್ಕೋ ಸೇರಿದೆ, ನಿಮಗೆ ಅಲ್ಲ. ಮೂರೂ ಭೂತಕಾಲದ ವಾಕ್ಯಗಳು ಎಂಬುದನ್ನೂ ಗಮನಿಸಿ.

ವ್ಯಾಕರಣದ ತಪ್ಪಾದರೆ ಕೆಂಪು ಪೆನ್ನಿನಲ್ಲಿ ತಿದ್ದಿ ಬಿಡುತ್ತಿದ್ದೆ. ಆದರೆ ಈ ತಪ್ಪು ವಾಕ್ಯ ನಮ್ಮ ಮಕ್ಕಳ ದಾರಿಯನ್ನೇ ತಿರುಗಿಸುವುದನ್ನು ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ಹುಕ್ಕೇರಿ ಕಡೆಯ ಹಳ್ಳಿಯಿಂದ ಒಬ್ಬ ಹುಡುಗಿ ಸೈನ್ಸಿಗೆ ಸೇರಿದ್ದಳು. ಪ್ರೌಢಶಾಲೆಯವರೆಗೆ ಉರ್ದುವಿನಲ್ಲಿ ಓದಿದವಳು, ಎಸ್‌ಎಸ್‌ಎಲ್‌ಸಿಯಲ್ಲಿ ವಿಜ್ಞಾನ, ಗಣಿತ ಎರಡರಲ್ಲೂ ಒಳ್ಳೆಯ ಅಂಕ. ಆಗಸ್ಟ್ ಹೊತ್ತಿಗೆ ಸೈನ್ಸ್ ಬಿಟ್ಟು ಆರ್ಟ್ಸಿಗೆ ಹೋಗುತ್ತೇನೆಂದು ಅರ್ಜಿ ಹಿಡಿದು ಬಂದಳು. ಆರ್ಟ್ಸ್ ಕಡಿಮೆ ಎಂದು ನಾನು ಹೇಳುತ್ತಿಲ್ಲ, ನಾನೂ ಆರ್ಟ್ಸ್ ಓದಿದವನೇ. ಕಾರಣ ಕೇಳಿದರೆ ಅವಳು ಯಾವ ಪಾಠ ಕಷ್ಟ ಎಂದು ಹೇಳಲಿಲ್ಲ. ಉರ್ದು ಮೀಡಿಯಂ ಎಂದಷ್ಟೇ ಹೇಳಿದಳು, ರಕ್ತದ ಗುಂಪು ಹೇಳಿದಂತೆ. ಅವಳ ಬಯಾಲಜಿ ನೋಟ್ಸಿನಲ್ಲಿದ್ದ ಫೋಟೋಸಿಂಥೆಸಿಸ್ ಎಂಬ ಶಬ್ದ ತೋರಿಸಿ ಇದೇನು ಎಂದೆ. ಗೊತ್ತಿಲ್ಲ ಎಂದಳು. ‘ಜಿಯಾಯೀ ತಾಲೀಫ್’ ಎಂದೆ. ಎಲೆಯ ಹಸಿರು, ಸೂರ್ಯನ ಬೆಳಕು, ಕಾರ್ಬನ್ ಡೈಆಕ್ಸೈಡ್, ನೀರು, ಗ್ಲೂಕೋಸ್, ಹೊರಗೆ ಬರುವ ಆಕ್ಸಿಜನ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಇದನ್ನು ಗೊತ್ತಿಲ್ಲದಿರುವುದು ಎನ್ನುತ್ತಾರೆಯೇ? ಅರ್ಜಿಗೆ ಅಷ್ಟರಲ್ಲಿ ಮನೆಯವರ ಸಹಿಯಾಗಿತ್ತು. ಅವಳು ಆರ್ಟ್ಸಿಗೇ ಹೋದಳು.

ಮುಸಲ್ಲಸ್ ಗೊತ್ತಿದ್ದವನಿಗೆ ಟ್ರಯಾಂಗಲ್ ಗೊತ್ತಿದೆ, ತ್ರಿಭುಜ ಗೊತ್ತಿದ್ದವನಿಗೂ ಗೊತ್ತಿದೆ. ಗುರುತ್ವಾಕರ್ಷಣೆ ಎಂದು ಓದಿದವರು, ಕಶಿಶ್-ಎ-ಸಕಲ್ ಎಂದು ಓದಿದವರು ಇಬ್ಬರೂ ಗ್ರಾವಿಟಿಯನ್ನೇ ಓದಿದ್ದು. ಜೀವಕೋಶ, ಖಲಿಯಾ, ಸೆಲ್ ಮೂರೂ ಒಂದೇ. ಹತ್ತು ವರ್ಷ ಕಲಿತ ವಸ್ತು ಕೈಯಲ್ಲೇ ಇದೆ, ಅದರ ಮೇಲಿನ ಚೀಟಿ ಬದಲಾಗಿದೆ ಅಷ್ಟೆ. ಚೀಟಿ ಬದಲಾಯಿಸುವುದು ಸುಲಭ ಎಂದು ನಾನು ಹೇಳುವುದಿಲ್ಲ. ಮೊದಲ ಮೂರು ತಿಂಗಳು ನಿಜಕ್ಕೂ ಕಷ್ಟ, ರಾತ್ರಿ ಕೂತು ಒಂದೊಂದು ಪುಟಕ್ಕೆ ಇಪ್ಪತ್ತು ಶಬ್ದ ಹುಡುಕುವ ಕಷ್ಟ. ಆದರೆ ಅದು ಮೂರು ತಿಂಗಳ ಕಷ್ಟವೇ ಹೊರತು ಹಣೆಬರಹವಲ್ಲ.

ಇನ್ನೊಂದು ಮಾತು. ಮೀಡಿಯಂ ಬದಲಾಯಿಸುವುದು ನಿಮಗೆ ಇದೇ ಮೊದಲ ಸಲವೇನಲ್ಲ. ಉರ್ದು ಶಾಲೆಗೆ ಹೋದ ನಮ್ಮ ಮಕ್ಕಳ ಮನೆಯಲ್ಲಿ ಆಡುವುದು ದಖನಿ. ಪಠ್ಯಪುಸ್ತಕದ ಉರ್ದು ಅದಕ್ಕಿಂತ ಬೇರೆ. ಮನೆಯಲ್ಲಿ ‘ನಕ್ಕೋ’ ಎಂದು ಬೆಳೆದ ಮಗು ಒಂದನೆಯ ತರಗತಿಯಲ್ಲಿ ‘ನಹೀಂ’ ಕಲಿಯಿತು. ‘ಹೋಗಾಕತ್ತೀನಿ, ಉಣ್ಣಾಕತ್ತೀನಿ’ ಎನ್ನುತ್ತಿದ್ದ ಮೂಡಲಗಿಯ ಮಗು ಪುಸ್ತಕದಲ್ಲಿ ‘ಹೋಗುತ್ತಿದ್ದೇನೆ, ಊಟ ಮಾಡುತ್ತಿದ್ದೇನೆ’ ಎಂಬುದನ್ನು ಕಂಡಿತು. ನನ್ನ ಮನೆಯ ಮಾತು ದಖನಿ, ನಾನು ಓದಿದ್ದು ಕನ್ನಡ ಶಾಲೆ, ಈಗ ಕಲಿಸುವುದು ಇಂಗ್ಲಿಷ್. ಆರನೆಯ ವಯಸ್ಸಿನಲ್ಲಿ, ಯಾರೂ ಟ್ಯೂಷನ್ ಹೇಳಿಕೊಡದೆ, ಅಳುತ್ತಾ ಆಡುತ್ತಾ ನೀವೆಲ್ಲ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿದವರೇ. ಹದಿನಾರನೆಯ ವಯಸ್ಸಿನಲ್ಲಿ ಅದು ಆಗುವುದಿಲ್ಲ ಎನ್ನಲು ನನಗೆ ಕಾರಣ ಕಾಣುವುದಿಲ್ಲ.

ಈ ಮೀಡಿಯಂ ಜಗಳ ನಮ್ಮ ಸೀಮೆಗೆ ಹೊಸದೂ ಅಲ್ಲ. ಬೆಳಗಾವಿ, ಧಾರವಾಡ ಕಡೆಯೆಲ್ಲ ಮುಂಬೈ ಆಡಳಿತಕ್ಕೆ ಸೇರಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಶಾಲೆಗಳಲ್ಲಿ ಮರಾಠಿಯದೇ ಮೇಲುಗೈ ಇತ್ತು. ಕನ್ನಡದ ಮಕ್ಕಳಿಗೆ ಕನ್ನಡದಲ್ಲಿ ಪಾಠವಾಗಲಿ ಎಂದು ಡೆಪ್ಯುಟಿ ಚನ್ನಬಸಪ್ಪನವರು ದುಡಿದದ್ದು ಆಗ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆಮೇಲೆ ‘ಗೋಕಾಕ ಚಳವಳಿ’ ಬಂತು. ನಮ್ಮ ಊರಿನ ಹೆಸರು ಇರುವುದರಿಂದ ಅದು ನಮ್ಮೂರಲ್ಲೇ ಹುಟ್ಟಿದ ಚಳವಳಿ ಎಂದು ಅನೇಕ ವಿದ್ಯಾರ್ಥಿಗಳು ತಿಳಿದಿದ್ದಾರೆ. ಹಾಗಲ್ಲ. ಸಮಿತಿಯ ಅಧ್ಯಕ್ಷರಾಗಿದ್ದ ವಿನಾಯಕ ಕೃಷ್ಣ ಗೋಕಾಕರ ಮನೆತನದ ಹೆಸರಿನಿಂದ ಅದಕ್ಕೆ ಆ ಹೆಸರು ಬಂತು; ಅವರು ಹುಟ್ಟಿದ್ದು ಸವಣೂರಿನಲ್ಲಿ. ಅವರ ವರದಿ ಬಂದದ್ದು 1981ರಲ್ಲಿ, ಡಾ. ರಾಜ್‌ಕುಮಾರ್ ನೇತೃತ್ವದ ಚಳವಳಿ ನಡೆದದ್ದು 1982ರಲ್ಲಿ. ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ದೊಡ್ಡದು. ಆ ವರದಿಯ ಮುಖ್ಯ ವಿಷಯ ಮೀಡಿಯಂ ಆಗಿರಲಿಲ್ಲ, ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆ ಯಾವುದಾಗಬೇಕು ಎಂಬುದಾಗಿತ್ತು. ಪ್ರಥಮ ಭಾಷೆ ಎಂದರೆ ನೀವು ಓದುವ ಒಂದು ವಿಷಯ, ಮೀಡಿಯಂ ಎಂದರೆ ಉಳಿದ ವಿಷಯಗಳನ್ನು ಓದಿಸುವ ಭಾಷೆ. ಪತ್ರಿಕೆಗಳಲ್ಲೂ ಎರಡನ್ನೂ ಕಲಸಿ ಬರೆಯುವವರಿದ್ದಾರೆ. ಅಂದಹಾಗೆ ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು, ಆಕ್ಸ್‌ಫರ್ಡಿನಲ್ಲಿ ಓದಿ ಬಂದವರು, ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದವರು. ಅವರನ್ನು ಯಾವ ಮೀಡಿಯಂ ಎಂದು ಕರೆಯೋಣ?

ಕಾನೂನು ಏನು ಹೇಳುತ್ತದೆ ಎಂಬುದನ್ನೂ ಸ್ವಲ್ಪ ತಿಳಿದಿರಿ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ. ಕರ್ನಾಟಕ ಸರ್ಕಾರ 1994ರಲ್ಲಿ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮೀಡಿಯಂ ಆಗಬೇಕೆಂದು ಆದೇಶ ಮಾಡಿತು. ಅದು ನ್ಯಾಯಾಲಯಕ್ಕೆ ಹೋಗಿ, ಕೊನೆಗೆ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಮೀಡಿಯಂ ಯಾವುದೆಂದು ಸರ್ಕಾರ ಹೇರುವಂತಿಲ್ಲ, ಆಯ್ಕೆ ತಂದೆತಾಯಿಗಳದು ಎಂದು ತೀರ್ಪು ಕೊಟ್ಟಿತು. ಈ ತೀರ್ಪು ಸರಿಯೋ ತಪ್ಪೋ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಚಿಕ್ಕ ಮಗುವಿಗೆ ತಿಳಿಯುವ ಭಾಷೆಯಲ್ಲೇ ಪಾಠವಾಗಬೇಕು. ಆದರೆ ತಂದೆತಾಯಿಗಳು ಆಯ್ಕೆ ಮಾಡುವುದು ಏನನ್ನು ಎಂಬುದೇ ನನಗೆ ಅನುಮಾನ. ನಮ್ಮ ಭಾಗದ ಎಷ್ಟೋ ಶಾಲೆಗಳ ಬೋರ್ಡಿನ ಮೇಲೆ ಇಂಗ್ಲಿಷ್ ಮೀಡಿಯಂ ಎಂದಿರುತ್ತದೆ, ಒಳಗೆ ಪುಸ್ತಕವೂ ಇಂಗ್ಲಿಷಿನದೇ, ಪಾಠ ನಡೆಯುವುದು ಮಾತ್ರ ಕನ್ನಡದಲ್ಲಿ, ಉತ್ತರ ಬರುವುದು ಬಾಯಿಪಾಠದಲ್ಲಿ. ಅಲ್ಲಿಂದ ಬಂದವರು ಪಿಯುಸಿಯಲ್ಲಿ ಮೊದಲ ತಿಂಗಳು ಎದೆ ಉಬ್ಬಿಸಿ ಕೂರುತ್ತಾರೆ. ಎರಡನೆಯ ಟೆಸ್ಟಿನ ಹೊತ್ತಿಗೆ ಎಲ್ಲರೂ ಒಂದೇ ಬೆಂಚಿನಲ್ಲಿರುತ್ತಾರೆ.

‘ಮೀಡಿಯಂ’ ಶಬ್ದವನ್ನು ಈ ಅರ್ಥದಲ್ಲಿ ನಮ್ಮಷ್ಟು ಬಳಸುವವರು ಇಂಗ್ಲೆಂಡಿನಲ್ಲಿ ಇಲ್ಲ. ಅಲ್ಲಿ ಇಂಗ್ಲಿಷ್ ಮೀಡಿಯಂ ಎಂದು ಬೇರೆಯಾಗಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಆದರೆ ಪಕ್ಕದ ವೇಲ್ಸಿನಲ್ಲಿ ಬಳಸುತ್ತಾರೆ. ಅಲ್ಲಿನ ಸ್ವಂತ ಭಾಷೆ ವೆಲ್ಷ್. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಯ ಹಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಒಂದು ಮರದ ತುಂಡು ನೇತುಹಾಕುತ್ತಿದ್ದರು. ಇನ್ನೊಂದು ಮಗು ವೆಲ್ಷ್ ಮಾತಾಡಿದರೆ ಆ ತುಂಡು ಅದರ ಕೊರಳಿಗೆ. ದಿನದ ಕೊನೆಗೆ ಯಾರ ಕೊರಳಲ್ಲಿ ಇರುತ್ತಿತ್ತೋ ಅವರಿಗೆ ಏಟು. 1939ರಲ್ಲಿ ಅಬೆರಿಸ್ಟ್ವಿತ್ ಎಂಬ ಊರಿನಲ್ಲಿ ಮೊದಲ ವೆಲ್ಷ್ ಮೀಡಿಯಂ ಪ್ರಾಥಮಿಕ ಶಾಲೆ ಶುರುವಾಯಿತು. ಈಗ ಇಂಗ್ಲಿಷ್ ಮಾತಾಡುವ ಮನೆಯವರೂ ಮಕ್ಕಳನ್ನು ಅಂಥ ಶಾಲೆಗಳಿಗೆ ಕಳಿಸುತ್ತಾರೆ. ಅಲ್ಲಿ ‘ವೆಲ್ಷ್ ಮೀಡಿಯಂ’ ಎಂಬ ಮಾತು ದನಿ ತಗ್ಗಿಸಿ ಹೇಳುವ ಮಾತಲ್ಲ. ನಮ್ಮಲ್ಲಿ ಕೊರಳಿಗೆ ಮರದ ತುಂಡು ಹಾಕುವವರು ಯಾರೂ ಇಲ್ಲ. ನಾವೇ ಹಾಕಿಕೊಂಡು ತರಗತಿಗೆ ಬರುತ್ತೇವೆ.

ನಮ್ಮ ಹತ್ತಿರದವರನ್ನೇ ನೋಡಿ. ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲೂಕಿನ ಘೋಡಗೇರಿಯವರು, ಬಡತನದಲ್ಲಿ ಓದಿದವರು, ಜ್ಞಾನಪೀಠ ಪಡೆದವರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ. ಅಮೆರಿಕದ ಶಿಕಾಗೊ ವಿಶ್ವವಿದ್ಯಾಲಯದಲ್ಲೂ ಪಾಠ ಹೇಳಿ ಬಂದರು. ಕೆ.ಎಸ್. ನಿಸಾರ್ ಅಹಮದ್ ಅವರು ಕಲಿಸಿದ್ದು ಭೂವಿಜ್ಞಾನ, ಬರೆದದ್ದು ಕನ್ನಡ ಕವಿತೆ. ಬಾನು ಮುಷ್ತಾಕ್ ಅವರದು ಉರ್ದು ಮಾತಾಡುವ ಮನೆ. ಎಂಟನೆಯ ವಯಸ್ಸಿನಲ್ಲಿ ತಂದೆ ಅವರನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಲು ಕರೆದೊಯ್ದಾಗ, ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬ ಷರತ್ತು ಹಾಕಿ ಸೇರಿಸಿಕೊಂಡರು. ಕೆಲವೇ ದಿನಗಳಲ್ಲಿ ಅವರು ಬರೆಯಲು ಕಲಿತರು. ಅದೇ ಕನ್ನಡದಲ್ಲಿ ಬರೆದ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಿಂದ ಇಂಗ್ಲಿಷಿಗೆ ಹೋಗಿ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದವು. ಮನೆಯ ಭಾಷೆ ಒಂದು, ಬರವಣಿಗೆಯ ಭಾಷೆ ಇನ್ನೊಂದು, ಬಹುಮಾನ ಬಂದದ್ದು ಮೂರನೆಯದರ ಮೂಲಕ.

ಇವರೆಲ್ಲ ಸಾಹಿತಿಗಳು ಸರ್, ನನಗೆ ಫಾರ್ಮಸಿ ಮಾಡಬೇಕು, ನರ್ಸಿಂಗ್ ಮಾಡಬೇಕು ಎಂದು ನೀವು ಹೇಳಬಹುದು. ನ್ಯಾಯವಾದ ಮಾತು. ಇಂಗ್ಲಿಷ್ ಬೇಡ ಎಂದು ನಾನು ಹೇಳಿದರೆ ಅದು ನಿಮಗೆ ಮಾಡುವ ದ್ರೋಹವಾಗುತ್ತದೆ. ಔಷಧಿ ಡಬ್ಬಿಯ ಮೇಲಿನ ಅಕ್ಷರ ಇಂಗ್ಲಿಷಿನಲ್ಲೇ ಇರುತ್ತದೆ. ಆದರೆ ಒಂದು ಸಂಗತಿ ತಿಳಿದಿರಲಿ. ನೀಟ್ ಪರೀಕ್ಷೆ 13 ಭಾಷೆಗಳಲ್ಲಿ ನಡೆಯುತ್ತದೆ, ಅದರಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ, ಮರಾಠಿಯೂ ಇದೆ. ಪ್ರಾದೇಶಿಕ ಭಾಷೆಯ ಪ್ರಶ್ನೆಪುಸ್ತಿಕೆಯಲ್ಲಿ ಪಕ್ಕದಲ್ಲೇ ಇಂಗ್ಲಿಷ್ ಕೂಡ ಇರುತ್ತದೆ. ದೇಶದ ಅತಿ ದೊಡ್ಡ ವೈದ್ಯಕೀಯ ಪ್ರವೇಶ ಪರೀಕ್ಷೆಯೇ ಎರಡು ಭಾಷೆಗಳನ್ನು ಒಂದೇ ಪುಟದಲ್ಲಿ ಕೂರಿಸಿರುವಾಗ, ನಮ್ಮ ತರಗತಿಯಲ್ಲಿ ಡೌಟ್ ಕೇಳಲು ಮಾತ್ರ ಇಂಗ್ಲಿಷೇ ಬೇಕು ಎಂಬ ಹೆದರಿಕೆ ಏಕೆ?

ಈಗ ಸಹೋದ್ಯೋಗಿಗಳಿಗೆ ಒಂದು ಮಾತು, ಹಿರಿಯರು ಬೇಸರಿಸಬಾರದು. ಸ್ಟಾಫ್ ರೂಮಿನಲ್ಲಿ ನಾವು “ಅವರೆಲ್ಲ ಕನ್ನಡ ಮೀಡಿಯಂ, ಅವರಿಗೆ ಅಷ್ಟೇ” ಎನ್ನುವುದುಂಟು. ಕೆಟ್ಟ ಮನಸ್ಸಿನಿಂದ ಅಲ್ಲ, ಸಿಲಬಸ್ ಮುಗಿಯದ ಆತಂಕದಿಂದ. ಆದರೆ ಆ ಮಾತು ಗೋಡೆ ದಾಟಿ ಹೋಗುತ್ತದೆ. ಬೆಳಕು ಗಾಳಿಯಿಂದ ನೀರಿಗೆ ಹೋಗುವಾಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರಿನಿಂದ ಸುಮಾರು ಎರಡೂಕಾಲು ಲಕ್ಷಕ್ಕೆ ನಿಧಾನವಾಗುತ್ತದೆ, ಓರೆಯಾಗಿ ಬಿದ್ದರೆ ಬಾಗುತ್ತದೆ ಕೂಡ. ಆವರ್ತನ ಮಾತ್ರ ಬದಲಾಗುವುದಿಲ್ಲ ಎಂದು ನಮ್ಮ ಫಿಜಿಕ್ಸ್ ಮೇಡಂ ದ್ವಿತೀಯ ಪಿಯುಸಿಗೆ ಪಾಠ ಮಾಡುವುದನ್ನು ಕಾರಿಡಾರಿನಲ್ಲಿ ನಿಂತು ಕೇಳಿದ್ದೇನೆ. ಮೊದಲ ಟೆಸ್ಟಿನಲ್ಲಿ ನಿಧಾನವಾದ ಮಗುವನ್ನು ನೋಡುವಾಗ ನಾವು ಅಳೆಯುತ್ತಿರುವುದು ವೇಗವನ್ನೋ ಆವರ್ತನವನ್ನೋ ಎಂದು ಕೇಳಿಕೊಳ್ಳಬೇಕು.

ನನ್ನ ಸಲಹೆ ದೊಡ್ಡದೇನಲ್ಲ. ಪ್ರಥಮ ಪಿಯುಸಿಯ ಮೊದಲ ಮೂರು ತಿಂಗಳು, ಪ್ರತಿ ಪಾಠದ ಆರಂಭದಲ್ಲಿ ಬರುವ ಹತ್ತು ಹನ್ನೆರಡು ಶಬ್ದಗಳನ್ನು ಬೋರ್ಡಿನ ಎಡಬದಿಗೆ ಮೂರು ಕಾಲಮ್ಮಿನಲ್ಲಿ ಬರೆಯೋಣ: ಇಂಗ್ಲಿಷ್, ಕನ್ನಡ, ಉರ್ದು. ಮರಾಠಿಯಲ್ಲಿ ಓದಿ ಬಂದವರಿದ್ದರೆ ನಾಲ್ಕನೆಯ ಕಾಲಮ್ಮು. ಡೌಟ್ ಯಾವ ಭಾಷೆಯಲ್ಲಿ ಕೇಳಿದರೂ ಉತ್ತರ ಕೊಡೋಣ, ಉತ್ತರದ ಕೊನೆಯ ವಾಕ್ಯವನ್ನು ಇಂಗ್ಲಿಷಿನಲ್ಲಿ ಅವರಿಂದಲೇ ಹೇಳಿಸೋಣ. ವಿಷಯ ಬದಲಾಯಿಸುವ ಅರ್ಜಿ ಬಂದರೆ, ಕಾರಣದ ಜಾಗದಲ್ಲಿ ‘ಮೀಡಿಯಂ’ ಎಂದಷ್ಟೇ ಬರೆದಿದ್ದರೆ ಒಂದು ತಿಂಗಳು ತಡೆಹಿಡಿದು, ಯಾವ ಪಾಠ, ಯಾವ ಶಬ್ದ ಎಂದು ಕೂತು ಕೇಳೋಣ.

ಶಬ್ದಗಳ ಪಟ್ಟಿಯನ್ನು ನಾನು ಶುರು ಮಾಡಿದ್ದೇನೆ. ಬಯಾಲಜಿಯದು ಮುಕ್ಕಾಲು ಪಾಲು ಆಗಿದೆ. ಫಿಜಿಕ್ಸಿನಲ್ಲಿ ಫ್ರಿಕ್ಷನ್, ಘರ್ಷಣೆ, ರಗಡ್. ಆ್ಯಕ್ಸಿಲರೇಷನ್, ವೇಗೋತ್ಕರ್ಷ, ಇಸ್ರಾ. ರಿಫ್ರ್ಯಾಕ್ಷನ್, ವಕ್ರೀಭವನ, ಇನ್‌ಇತಾಫ್ ಇವಿಷ್ಟು ಬಂದಿವೆ. ಕೆಮಿಸ್ಟ್ರಿಯ ಉರ್ದು ಕಾಲಮ್ ಹೆಚ್ಚುಕಡಿಮೆ ಖಾಲಿ ಇದೆ. ನಿಮ್ಮ ಎಂಟು, ಒಂಬತ್ತು, ಹತ್ತನೆಯ ತರಗತಿಯ ಉರ್ದು ವಿಜ್ಞಾನ ಪುಸ್ತಕಗಳನ್ನು ಇನ್ನೂ ರದ್ದಿಗೆ ಹಾಕಿರದಿದ್ದರೆ ಲೈಬ್ರರಿಗೆ ತಂದುಕೊಡಿ. ಶನಿವಾರ ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ನಾನು ಅಲ್ಲೇ ಇರುತ್ತೇನೆ.